ಅಂಜಿನಕ್ಕನ ಕೈಗುಣ

ಕೈಗುಣ ಅನ್ನುವುದು ಸಂತೆಯಲ್ಲಿ ಸಿಗುವ ಮಾಲಲ್ಲ. ಇದ್ದವರಿಗೆ ಇರುತ್ತದೆ, ಇಲ್ಲದವರು ಬಾಯಿ ಬಾಯಿ ಬಿಡಬೇಕು. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಒಳಗೆ ಸರಿದರೆ ಸಿಗುವ ಆ ಊರಿನಲ್ಲಿ ಅದು ಯಾರಿಗಿದೆ ಅಂತ ಕೇಳಿದರೆ ಅಂಗಳದಲ್ಲಿ ಆಡುವ ಕೂಸುಗಳೂ ಅಂಜಿನಕ್ಕನ ಮನೆ ತೋರಿಸುತ್ತಿದ್ದವು. ಬಿತ್ತನೆಯ ದಿನ ಕೂರಿಗೆಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ಬಟ್ಟಲಿಗೆ ಮೊದಲ ಹಿಡಿ ಬೀಜ ಬಿಡಲು ಆಕೆಯೇ ಬೇಕು. ಟ್ರ್ಯಾಕ್ಟರ್ ಕೂರಿಗೆ ಇಟ್ಟುಕೊಂಡ ಪಾಲಾಕ್ಷಪ್ಪನಂಥ ದೊಡ್ಡ ರೈತನೂ ಯಂತ್ರ ಚಾಲೂ ಮಾಡುವ ಮುಂಚೆ, "ಅಂಜಿನಕ್ಕಾ, ನಿನ್ನ ಕೈಲಿಂದ ಒಂದು ಹಿಡಿ ಬೀಳ್ಲಿ ಬಾರವ್ವಾ" ಅಂತ ಕರೆಯುತ್ತಿದ್ದ. ಆಕೆಗೆ ಸ್ವಂತ ಹೊಲವಿಲ್ಲ, ಮೈಮೇಲೆ ಚಿನ್ನವಿಲ್ಲ, ಗಂಡ ಕುರಿ ಹಿಂದೆ ಹೋದರೆ ಹಬ್ಬಕ್ಕೂ ಮನೆ ನೆನಪಾಗದ ಮನುಷ್ಯ. ಇದ್ದದ್ದು ಆ ಒಂದು ಹೆಸರು. ಅದನ್ನು ಆಕೆ ಹೇಗೆ ಕಾಪಾಡಿಕೊಂಡಿದ್ದಳು ಅಂದರೆ, ಪಕ್ಕದ ಓಣಿಯಲ್ಲಿ ಯಾರ ಅಂಗಳದಲ್ಲಾದರೂ ಹೀರೇಬಳ್ಳಿ ಚೆನ್ನಾಗಿ ಹಬ್ಬಿದೆ ಅಂತ ಕೇಳಿದರೂ ಆವತ್ತು ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇಂಥವಳ ಊರಿಗೆ ಪ್ರವೀಣಕುಮಾರ್ ಬಂದ. ಕಾಲೇಜಿನಲ್ಲಿ ಹುಲ್ಲಿನ ಬಗ್ಗೆ ಓದುವ ಹುಡುಗ.

"ಹುಲ್ಲಿನ ಬಗ್ಗೆ ಓದೋದೇನೈತೋ ನನ್ನಪ್ಪಾ? ನಮ್ಮ ಎಮ್ಮಿ ಓದದೇ ತಿಂತೈತಿ" ಅಂದಳು ಅಂಜಿನಕ್ಕ. ನೆರೆದ ಹೆಂಗಸರೆಲ್ಲ ನಕ್ಕರು, ಅವನೂ ನಕ್ಕ. ಒಳ್ಳೆಯ ಹುಡುಗನೇ. ಊರಾಚೆಯ ಗೋಮಾಳದಲ್ಲಿ ಒಂದಿಷ್ಟು ಜಾಗಕ್ಕೆ ಬೇಲಿ ಹಾಕಿಸಿ, ಒಳಗೆ ಚೌಕ ಚೌಕ ಮಡಿ ಮಾಡಿಸಿದ. ಕೆಲವು ಮಡಿಗೆ ಒಂದೇ ಜಾತಿ ಹುಲ್ಲು, ಕೆಲವಕ್ಕೆ ನಾಲ್ಕು, ಕೆಲವಕ್ಕೆ ಹುಲ್ಲು, ಗಿಡ ಎಲ್ಲ ಸೇರಿ ಹನ್ನೆರಡು. ಕೆಲವು ಮಡಿಯ ಮೇಲೆ ಹಕ್ಕಿ ಇಳಿಯದಂತೆ ಬಲೆ, ಸುತ್ತ ಓತಿಕ್ಯಾತ ನುಸುಳದಂತೆ ತಗಡು. ಯಾವ ಮಡಿ ಯಾರು ನೋಡಿಕೊಳ್ಳಬೇಕು ಅಂತ ಚೀಟಿ ಎತ್ತಿಸಿದ. ಅಂಜಿನಕ್ಕನಿಗೆ ಬಂದದ್ದು ಬರೀ ಕರಡ ಹುಲ್ಲು ಬಿತ್ತಿ, ಮೇಲೆ ಬಲೆ ಹಾಕಿದ ಮಡಿ. ಪಕ್ಕದ ಮಡಿ, ಹನ್ನೆರಡು ಜಾತಿಯದು, ಬಲೆಯಿಲ್ಲದ್ದು, ಬೊಮ್ಮಮ್ಮನಿಗೆ ಬಂತು. ಬೊಮ್ಮಮ್ಮ ಅದೇ ಓಣಿಯವಳು, ಅಂಜಿನಕ್ಕನಿಗಿಂತ ಚಿಕ್ಕವಳು, ಕೂರಿಗೆಗೆ ಬೀಜ ಬಿಡುವುದನ್ನು ಅಂಜಿನಕ್ಕನ ಬೆನ್ನ ಹಿಂದೆ ನಡೆದೇ ಕಲಿತವಳು.

"ಒಂದು ಕಡೆ ಒಂದೇ ಗಿಡ, ಹಕ್ಕಿಪಕ್ಕಿ ಇಲ್ಲ. ಇನ್ನೊಂದು ಕಡೆ ನಾನಾ ಗಿಡ, ಎಲ್ಲ ಪ್ರಾಣಿನೂ ಬರಬಹುದು. ಕೊನೆಗೆ ಎರಡನ್ನೂ ಕೊಯ್ದು, ಯಾವುದು ಹೆಚ್ಚು ಬೆಳೆದಿದೆ ಅಂತ ತೂಗಿ ನೋಡ್ತೀವಿ" ಅಂತ ಪ್ರವೀಣಕುಮಾರ್ ಬಿಡಿಸಿ ಹೇಳಿದ.

ಅಂಜಿನಕ್ಕನ ಕಿವಿಗೆ ಇಳಿದದ್ದು ಕೊನೆಯ ಮಾತು ಮಾತ್ರ. ಓಹೋ, ಪಂದ್ಯ! ತನ್ನ ಮಡಿಗೆ ಮದುವಣಗಿತ್ತಿಯ ಹಾಗೆ ಪರದೆ ಬೇರೆ ಹಾಕಿದ್ದಾರೆ, ಗೆಲ್ಲುವವಳು ಯಾರು ಅಂತ ಆ ಹುಡುಗನಿಗೂ ಗೊತ್ತಾಗಿರಬೇಕು ಅಂದುಕೊಂಡಳು. ಮೇಲಾಗಿ ಆ ಪುಣ್ಯಾತ್ಮ ಗುರುತಿಗೆ ಇರಲಿ ಅಂತ ಒಂದೊಂದು ಮಡಿಗೂ ಹಲಗೆ ನೆಟ್ಟು, ನೋಡಿಕೊಳ್ಳುವವರ ಹೆಸರನ್ನು ದೊಡ್ಡದಾಗಿ ಬಣ್ಣದಲ್ಲಿ ಬರೆಸಿಬಿಟ್ಟ. ಸಂಖ್ಯೆ ಬರೆಸಿದ್ದರೆ ಏನು ಗಂಟು ಹೋಗುತ್ತಿತ್ತು? ಇಷ್ಟೆಲ್ಲ ರಾಮಾಯಣವೇ ಆಗುತ್ತಿರಲಿಲ್ಲ.

ಮುಂಗಾರು ಸುಮಾರಾಗಿ ಬಂತು. ಮೊದಮೊದಲು ಎರಡು ಮಡಿಯೂ ಹಸಿರಾದವು. ಆಮೇಲೆ ಬೊಮ್ಮಮ್ಮನ ಮಡಿ ಎದ್ದ ರೀತಿ ನೋಡಬೇಕಿತ್ತು! ಕರಡ, ಗರಿಕೆ ಕೆಳಗೆ ತುಂಬಿಕೊಂಡವು, ಕಾಡುಹೆಸರು ಅವುಗಳ ಮೇಲೆ ಹಬ್ಬಿತು, ಅಣ್ಣೆಸೊಪ್ಪು ಗುಲಾಬಿ ಬಣ್ಣದ ತೆನೆ ಎತ್ತಿತು, ತುಂಬೆ ಬಿಳಿ ಹೂ ಬಿಟ್ಟಿತು, ತಂಗಡಿ ಮೂಲೆಯಲ್ಲಿ ಹಳದಿಯಾಯಿತು. ಒಂದರ ಬೇರು ಮೇಲೆ, ಒಂದರ ಬೇರು ಆಳಕ್ಕೆ. ಮಳೆ ವಾರ ತಡವಾದರೂ ಯಾವುದಾದರೊಂದು ಗಿಡ ಹಸಿರಾಗಿಯೇ ಇರುತ್ತಿತ್ತು. ಜೇನು, ಕಣಜ, ಜೇಡ, ಓತಿಕ್ಯಾತ, ಅವುಗಳ ಹಿಂದೆ ಗೊರವಂಕ, ಕಾಜಾಣ. ದಿನಾ ಅಲ್ಲಿ ಸಂತೆ ಕೂಡಿದಂತಿತ್ತು.

ಅಂಜಿನಕ್ಕನ ಮಡಿಯಲ್ಲಿ ಮಿಡತೆ ಕೂಡಿದ್ದವು. ಬಲೆಯ ಕಣ್ಣಲ್ಲಿ ಹಕ್ಕಿ ನುಸುಳದು, ಮಿಡತೆ ನುಸುಳುತ್ತದೆ. ಒಳಗೆ ತಿನ್ನಲು ಹುಲ್ಲಿದೆ, ತಮ್ಮನ್ನು ತಿನ್ನುವವರಿಲ್ಲ, ಅವಕ್ಕೆ ಇನ್ನೇನು ಬೇಕು? ಕರಡ ಹುಲ್ಲು ತುದಿ ಕಚ್ಚಿಸಿಕೊಂಡು ಕಂದುಬಣ್ಣಕ್ಕೆ ತಿರುಗಿತು. ಅಂಜಿನಕ್ಕ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಗ್ಗಿ ಕಳೆ ಕಿತ್ತಳು, ಕೈಯಲ್ಲೇ ಮಣ್ಣು ಸಡಿಲ ಮಾಡಿದಳು, ಯಾರೂ ಇಲ್ಲದಾಗ ದೇವರ ಅರಿಶಿನ ಭಂಡಾರವನ್ನೂ ಚೆಲ್ಲಿದಳು. ಏನೂ ಪ್ರಯೋಜನವಾಗಲಿಲ್ಲ.

"ಅದು ನಿಮ್ಮ ತಪ್ಪಲ್ಲ ಅಂಜಿನಕ್ಕ, ಆ ಮಡಿ ಇರೋದೇ ಹಾಗೆ" ಅಂತ ಪ್ರವೀಣಕುಮಾರ್ ಸಮಾಧಾನ ಹೇಳಿದ. ಸಮಾಧಾನ ಹೇಳಿದ್ದೇ ಅವಳಿಗೆ ಬರೆ ಎಳೆದಂತಾಯಿತು. ಅಂಜಿನಕ್ಕನ ಕೈಗೆ ಸಮಾಧಾನ ಹೇಳುವ ಕಾಲ ಬಂತೇ!

ಊರಿನವರಿಗೆ ಕಾಲೇಜಿನ ಲೆಕ್ಕಾಚಾರ ಏನು ಗೊತ್ತು? ದನ ಹೊಡೆದುಕೊಂಡು ಹೋಗುವವರೆಲ್ಲ ಬೇಲಿಯಾಚೆ ನಿಂತು ಹಲಗೆ ಓದಿದರು. ಬೊಮ್ಮಮ್ಮ ಅಂತ ಬರೆದ ಕಡೆ ಹಸಿರು, ಅಂಜಿನಕ್ಕ ಅಂತ ಬರೆದ ಕಡೆ ಕಸಬರಿಗೆ. ಓದಲು ಬಾರದವರಿಗೆ ಓದಿದವರು ಹೇಳಿದರು. ಹುರುಳಿ ಬಿತ್ತುವ ಹೊತ್ತಿಗೆ ಮಾತು ಪಾಲಾಕ್ಷಪ್ಪನ ಕಟ್ಟೆ ಮುಟ್ಟಿತ್ತು.

ಆವತ್ತು ಅಂಜಿನಕ್ಕ ಬೆಳಗ್ಗೆಯೇ ಎಣ್ಣೆ ಹಚ್ಚಿ ತಲೆ ಬಾಚಿ, ಹಸಿರು ಬಳೆ ತೊಟ್ಟು, ಕರೆಯಲು ಬರುತ್ತಾರೆ ಅಂತ ಬಾಗಿಲಲ್ಲಿ ಕೂತಿದ್ದಳು. ಪಾಲಾಕ್ಷಪ್ಪನ ಟ್ರ್ಯಾಕ್ಟರ್ ಓಣಿಗೆ ಬಂತು, ಅವಳ ಬಾಗಿಲು ದಾಟಿತು, ಬೊಮ್ಮಮ್ಮನ ಬಾಗಿಲಲ್ಲಿ ನಿಂತಿತು.

"ಈ ಸಲ ಬೊಮ್ಮಮ್ಮನ ಕೈ ನೋಡೋಣಂತ" ಅಂದ ಪಾಲಾಕ್ಷಪ್ಪ, ಅಂಜಿನಕ್ಕನನ್ನು ಕಂಡು ಸ್ವಲ್ಪ ಮುಜುಗರಪಟ್ಟು. "ನಿನ್ನ ಕೈಗೂ ವಯಸ್ಸಾತು, ಅಂಜಿನಕ್ಕಾ. ಒಂದೀಟು ದಣಿವಾರಿಸ್ಕೋ."

ಬೊಮ್ಮಮ್ಮ ಹೊರಗೆ ಬಂದು, "ಅಯ್ಯ, ಅಕ್ಕನ್ನ ಬಿಟ್ಟು ನಾನಾ? ಬ್ಯಾಡ್ರಿ ಗೌಡ್ರ" ಅಂದಳು. ಎರಡು ಸಲ ಅಂದಳು. ಮೂರನೆಯ ಸಲ ಅನ್ನಲಿಲ್ಲ. ಟ್ರ್ಯಾಕ್ಟರ್ ಹತ್ತಿ ಹೋದಳು, ಮುಡಿಯಲ್ಲಿ ಕನಕಾಂಬರ ಬೇರೆ.

ಅವತ್ತಿನಿಂದ ಅಂಜಿನಕ್ಕನಿಗೆ ಬೊಮ್ಮಮ್ಮ ನಕ್ಕರೂ ತಪ್ಪು, ನಗದಿದ್ದರೂ ತಪ್ಪು. ಆ ಕನಕಾಂಬರ ಯಾಕೆ ಮುಡಿಯಬೇಕಿತ್ತು? ನೀರು ತರುವಾಗ ಕೊಡ ಅಷ್ಟು ಕುಲುಕಿಸಿಕೊಂಡು ಯಾಕೆ ನಡೆಯಬೇಕು? ಅವಳ ಮನೆಯ ಒಗ್ಗರಣೆಯ ವಾಸನೆಗೂ ಸೊಕ್ಕು ಬಂದಿದೆ. "ನಾ ಕಲಿಸಿದ ಕೈ ಅದು. ನನ್ನ ಎದಿ ಮ್ಯಾಲೇ ಕಾಲಿಟ್ಟೈತಿ" ಅಂತ ಒಲೆಯ ಮುಂದೆ ಕೂತು ಹಲ್ಲು ಕಡಿದಳು. ಹುರುಳಿ ಚೆನ್ನಾಗಿ ಹುಟ್ಟಿದ ಸುದ್ದಿ ಬಂದ ದಿನ ಜ್ವರ ಅಂತ ಹೇಳಿ ಮಲಗಿಯೇಬಿಟ್ಟಳು.

ಅಷ್ಟರಲ್ಲಿ ನೀಲಗುಂದಕ್ಕೆ ಕೊಟ್ಟ ಮಗಳಿಗೆ ಎರಡನೆಯ ಹೆರಿಗೆ ಅಂತ ಬೊಮ್ಮಮ್ಮನಿಗೆ ಕರೆ ಬಂತು. ಹೊರಡುವ ಮುಂಚೆ ನೇರ ಅಂಜಿನಕ್ಕನ ಮನೆಗೇ ಬಂದಳು.

"ಅಕ್ಕಾ, ಬಾಣಂತನ ಮುಗಿಯೋತನಾ ನನ್ನ ಮಡಿ ನಿನ್ನ ಉಡಿಗೆ ಹಾಕೀನಿ. ಬ್ಯಾರೇರ ಕೈಯಾಗ ಕೊಡಾಕ ನಂಗ ಮನಸಿಲ್ಲ. ನಿನ್ನ ಕೈ ತಾಗಿದ್ರ ಇನ್ನೂ ಚಲೋ ಆಕ್ಕೈತಿ."

"ಹೋಗಿ ಬಾ ತಂಗಿ, ನಾ ಅದೀನಲ್ಲ" ಅಂದಳು ಅಂಜಿನಕ್ಕ. ನಾಲಿಗೆಯಲ್ಲಿ ಬೆಲ್ಲ, ಹೊಟ್ಟೆಯಲ್ಲಿ ಕೆಂಡ.

ಮೊದಲ ದಿನ ಅವಳು ಆ ಮಡಿಯ ಬದಿಯಲ್ಲಿ ಸುಮ್ಮನೆ ಕೂತು ನೋಡಿದಳು. ಎಲ್ಲವನ್ನೂ ಬುಡಸಮೇತ ಕಿತ್ತು ಬಿಸಾಕುವಷ್ಟು ಕೈ ತುರಿಸಿತು. ಆದರೆ ಪ್ರವೀಣಕುಮಾರ್ ವಾರಕ್ಕೊಮ್ಮೆ ಬಂದು ಒಂದೊಂದು ಗಿಡವನ್ನೂ ಎಣಿಸುತ್ತಾನೆ, ಸಿಕ್ಕಿಬಿದ್ದರೆ ಮಾನ ಹೋಗುತ್ತದೆ. ಕೂತಿದ್ದವಳ ಎದುರಿಗೇ ಒಂದು ಗೊರವಂಕ ಹುಲ್ಲಿನೊಳಗೆ ಇಳಿದು ಮಿಡತೆಯೊಂದನ್ನು ಕಚ್ಚಿಕೊಂಡು ಹೋಯಿತು. ಹಿಂದೆಯೇ ಇನ್ನೊಂದು. ತಂಗಡಿಯ ಮೇಲಿನಿಂದ ಕಾಜಾಣ ಹಾರಿ ಗಾಳಿಯಲ್ಲೇ ಒಂದನ್ನು ಹಿಡಿಯಿತು. ಕಾಡುಹೆಸರಿನ ಕೆಳಗೆ ಓತಿಕ್ಯಾತ ಕತ್ತು ಕುಣಿಸುತ್ತಾ ಕೂತಿತ್ತು. ಅಂಜಿನಕ್ಕ ತನ್ನ ಮಡಿಯ ಕಡೆ ತಿರುಗಿದಳು. ಬಲೆಯ ಮೇಲೆ ಒಂದು ಗೊರವಂಕ ಕೂತು, ಒಳಗೆ ಕುಪ್ಪಳಿಸುವ ಮಿಡತೆಗಳನ್ನು ಆಸೆಯಿಂದ ನೋಡಿ ಹಾರಿಹೋಯಿತು.

ಆಗ ತಿಳಿಯಿತು. ಇದು ಬೊಮ್ಮಮ್ಮನ ಕೈಯಲ್ಲ, ಮಣ್ಣೂ ಅಲ್ಲ. ಹಕ್ಕಿ! ತನ್ನ ಕೈ ಸತ್ತಿಲ್ಲ ಅಂತ ತಿಳಿದ ಮೇಲೆ ಮನಸ್ಸು ತಣ್ಣಗಾಗಬೇಕಿತ್ತೋ ಇಲ್ಲವೋ? ಹೊಟ್ಟೆಕಿಚ್ಚಿಗೆ ಅಷ್ಟು ಬುದ್ಧಿ ಇದ್ದಿದ್ದರೆ ಅದಕ್ಕೆ ಆ ಹೆಸರು ಯಾಕೆ ಬರುತ್ತಿತ್ತು! ಮರುದಿನ ಬರುವಾಗ ಅವಳ ಸೊಂಟದಲ್ಲಿ ಕವಣೆ ಇತ್ತು.

ಜೋಳ ಹಾಲುಗಾಳಾದಾಗ ಅಟ್ಟಣೆ ಹತ್ತಿ ಕವಣೆ ಬೀಸುವುದರಲ್ಲಿ ಅಂಜಿನಕ್ಕನಿಗೆ ಸರಿಗಟ್ಟುವವರಿಲ್ಲ. ಈಗ ಆ ವಿದ್ಯೆಯನ್ನೆಲ್ಲ ಸುರಿದಳು. "ಹೋ... ಹೋ..." ಅಂತ ಕೂಗುತ್ತಾ ಬೀಸಿದಳು, ಒಂದು ಹಕ್ಕಿಯೂ ಇಳಿಯದ ಹಾಗೆ. ಮುಂಜಾನೆ ಮಂಜು ಕೂತ ಜೇಡರ ಬಲೆಗಳನ್ನು ಬರಲು ಪೊರಕೆಯಿಂದ ಗುಡಿಸಿದಳು. ಓತಿಕ್ಯಾತಗಳನ್ನು ಕೋಲಿನಿಂದ ಅಟ್ಟಿದಳು. ದಾರಿಹೋಕರು, "ನೋಡ್ರೀ, ಮಂದಿ ಮಡಿ ಅಂದ್ರೂ ಎಷ್ಟು ಜತನ ಮಾಡ್ತಾಳ" ಅಂದರು. ಪ್ರವೀಣಕುಮಾರ್ ಬರುವ ದಿನ ಮಾತ್ರ ಕವಣೆ ಸೊಂಟದಲ್ಲೇ ಇರುತ್ತಿತ್ತು, ಆದರೆ ದಿನಾ ಹೊಡೆಸಿಕೊಂಡ ಹಕ್ಕಿಗಳು ಅವತ್ತೊಂದು ದಿನ ಬಂದಾವೆಯೇ?

ಮಿಡತೆ, ಹಸಿರು ಹುಳು, ಗಿಡದ ಹೇನು, ಎಲ್ಲಕ್ಕೂ ಅಲ್ಲಿ ಹಬ್ಬವಾಯಿತು. ಮೊದಲು ಕಾಡುಹೆಸರು ಜರಡಿಯಾಯಿತು. ಆಮೇಲೆ ಅಣ್ಣೆ ಬೋಳಾಯಿತು. ಕರಡ ಕಂದಿತು. ಹೂ ಕಡಿಮೆಯಾಗಿ ಕಣಜಗಳೂ ಬರುವುದನ್ನು ಬಿಟ್ಟವು, ಅವು ಬಿಟ್ಟ ಮೇಲೆ ಹುಳುಗಳಿಗೆ ಇದ್ದ ಒಂದು ಅಂಜಿಕೆಯೂ ಹೋಯಿತು. ಆದರೂ ಕಹಿ ತುಂಬೆ ನಿಂತಿತ್ತು, ಗರಿಕೆ ನೆಲ ಹಿಡಿದಿತ್ತು, ತಂಗಡಿ ಜಗ್ಗಲಿಲ್ಲ. ಒಂದನ್ನು ತಿನ್ನುವ ಹುಳು ಇನ್ನೊಂದನ್ನು ಮೂಸುತ್ತಿರಲಿಲ್ಲ. "ಸಾಯಾಕೂ ಹಟ ಇದಕ್ಕ, ತನ್ನ ಒಡತಿ ಹಂಗ" ಅಂತ ಅಂಜಿನಕ್ಕ ಬೈದುಕೊಂಡಳು.

ಬೊಮ್ಮಮ್ಮ ನೀಲಗುಂದದಿಂದ ಬಂದವಳು ಚೀಲ ಮನೆಯಲ್ಲಿಟ್ಟು ನೇರ ಗೋಮಾಳಕ್ಕೆ ಹೋದಳು. ಅಂಜಿನಕ್ಕನೂ ಹಿಂದೆ ಹೋದಳು, ಆ ಮುಖ ಇಳಿಯುವುದನ್ನು ನೋಡಬೇಕಿತ್ತಲ್ಲ. ಬೊಮ್ಮಮ್ಮ ಯಾರನ್ನೂ ಬೈಯಲಿಲ್ಲ. ಮಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತನ್ನ ಎರಡು ಅಂಗೈಯನ್ನೂ ನೋಡಿಕೊಂಡಳು.

"ಹಂಗಾರ ಖರೇನ ಐತಕ್ಕಾ" ಅಂದಳು ಸಣ್ಣ ದನಿಯಲ್ಲಿ. "ಕೂಸು ಬಾಳ ಸಣ್ಣ ಹುಟ್ಟೈತಿ. ನಾ ನೀರು ಎರಿಯಾಕ ಹತ್ತಿದ ಮ್ಯಾಲೆ ಇನ್ನೂ ಬಾಡಿದಂಗ ಕಾಣ್ತು. ನನ್ನ ಕೈಯಾಗ ಏನೋ ದೋಷ ಹೊಕ್ಕೈತಿ ಅಂತ ಅವಾಗ ಅನಿಸ್ತು. ನಿನ್ನಂಥಾಕಿ ಕಾದ್ರೂ ಈ ಮಡಿ ಉಳಿಲಿಲ್ಲ ಅಂದ್ರ, ಬ್ಯಾರೆ ಏನು ಹೇಳು?"

ಇಷ್ಟು ದಿನ ಕಾದ ಸುಖ ಅಂಜಿನಕ್ಕನ ಕೈಗೆ ಬಂದಿತ್ತು, ಆದರೆ ಹಿಡಿದರೆ ಮುಳ್ಳು.

ಕೊಯ್ದು ತೂಗಿದ ದಿನ ಪ್ರವೀಣಕುಮಾರ್ ತಲೆ ಕೆರೆದುಕೊಂಡ. "ಬಲೆಯಿಲ್ಲದ ಬೇರೆ ಮಡಿಗಳಲ್ಲಿ ಇಷ್ಟು ಮಿಡತೆ ಇಲ್ಲ, ಇಲ್ಲಿ ಮಾತ್ರ ಯಾಕೋ ಗೊತ್ತಾಗ್ತಿಲ್ಲ. ಹನ್ನೆರಡು ಜಾತಿ ಇದ್ದದ್ದಕ್ಕೆ ಇಷ್ಟಾದರೂ ಉಳೀತು" ಅಂದ. ನಿಜ ಹೇಳಬೇಕೆಂದರೆ ಅಷ್ಟು ಹಾಳಾದ ಮೇಲೂ ಬೊಮ್ಮಮ್ಮನ ಮಡಿಯ ಹುಲ್ಲೇ ಅಂಜಿನಕ್ಕನದಕ್ಕಿಂತ ಭಾರ ತೂಗಿತು. ಅದನ್ನು ನೋಡಿ ಅಂಜಿನಕ್ಕನಿಗೆ ಮತ್ತೊಮ್ಮೆ ಉರಿಯಿತು. ಆದರೆ ಊರು ತಕ್ಕಡಿಯನ್ನು ನೋಡಲಿಲ್ಲ. ಊರು ಕಂಡದ್ದು, ಕಣ್ಣಿಗೆ ಕಟ್ಟುವಂತಿದ್ದ ಹಸಿರು ಒಮ್ಮೆಲೇ ಬೋಳಾದದ್ದು. "ಬೊಮ್ಮಮ್ಮನದು ಹಾರುಗುಣ, ಬರ್ತೈತಿ ಹೋಕ್ಕೈತಿ. ಅಂಜಿನಕ್ಕನದು ನಿಂತ ಗುಣ" ಅಂತ ಕಟ್ಟೆಯಲ್ಲಿ ತೀರ್ಮಾನವಾಯಿತು. ಪ್ರವೀಣಕುಮಾರ್ ತನ್ನ ಹುಲ್ಲಿನ ಚೀಲ ಕಟ್ಟಿಕೊಂಡು ಕಾಲೇಜಿಗೆ ಹೋದ.

ಹಿಂಗಾರಿ ಜೋಳದ ಬಿತ್ತನೆಗೆ ಪಾಲಾಕ್ಷಪ್ಪನ ಟ್ರ್ಯಾಕ್ಟರ್ ಅಂಜಿನಕ್ಕನ ಬಾಗಿಲಲ್ಲೇ ನಿಂತಿತು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ, ಓಣಿಯ ತಿರುವಿನತನಕ. ಅಲ್ಲಿ ಬೊಮ್ಮಮ್ಮ ತನ್ನ ಮನೆಯ ಕಟ್ಟೆಯ ಮೇಲೆ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ನೀಲಗುಂದದಿಂದ ಮಗಳು ಫೋನು ಮಾಡಿ ಕರೆದರೂ ಹೋಗುತ್ತಿಲ್ಲವಂತೆ. ಮೊಮ್ಮಗಳನ್ನು ಮುಟ್ಟಲು ಹೆದರುತ್ತಾಳಂತೆ.

ನಾಲ್ಕು ದಿನ ಬಿಟ್ಟು ಬೊಮ್ಮಮ್ಮನ ಗಂಡ ಹುಲುಗಣ್ಣ ಬಂದು ಕರೆದ. ಅವರಿಗೆ ಇದ್ದದ್ದು ಒಂದು ತುಂಡು ಕಪ್ಪುಮಣ್ಣಿನ ಎರಿ ಹೊಲ. ವರ್ಷದ ಜೋಳ ಅದರಿಂದಲೇ. "ನೀನ ಬೀಜ ಬಿಡಬೇಕಂತ, ಆಕಿ ತಾನು ಮುಟ್ಟೂದಿಲ್ಲ ಅಂತ ಕುಂತಾಳ" ಅಂದ.

ಹೊಲದಲ್ಲಿ ಎತ್ತು ಹೂಡಿಯಾಗಿತ್ತು. ಕೂರಿಗೆಗೆ ಕುಂಕುಮ ಇಟ್ಟಾಗಿತ್ತು. ಬೊಮ್ಮಮ್ಮ ಬೀಜದ ಬುಟ್ಟಿಯಿಂದ ಮಾರು ದೂರ ನಿಂತು, "ಉಡಿ ತುಂಬ್ಕೋ ಅಕ್ಕಾ" ಅಂದಳು. ಅಂಜಿನಕ್ಕ ಬಗ್ಗಿ ಹಿಡಿ ಜೋಳ ಎತ್ತಿದಳು. ಇಷ್ಟು ತಿಂಗಳು ಇದಕ್ಕಾಗಿಯೇ ಉರಿದಿದ್ದಳು. ಕೈ ಮೇಲೇಳಲಿಲ್ಲ.

"ನಾ ಕೆಡಿಸೀನಿ ನಿನ್ನ ಮಡಿ" ಅಂದಳು.

"ಏನಂದಿ?"

"ನಿನ್ನ ಕೈಗೆ ಏನೂ ಆಗಿಲ್ಲ, ಬೊಮ್ಮೀ. ನಾ ಹಕ್ಕಿ ಓಡಿಸೀನಿ. ದಿನಾ ಕವಣಿ ಬೀಸೀನಿ. ಹಕ್ಕಿ ಮಿಡಚಿ ತಿಂತಿದ್ವು, ಅದಕ್ಕ ನಿನ್ನ ಮಡಿ ಚಲೋ ಇತ್ತು. ಜ್ಯಾಡನ ಬಲಿ ಕಿತ್ತೀನಿ, ಓತಿಕ್ಯಾತ ಅಟ್ಟೀನಿ. ನಿನ್ನ ಕಂಡು ಹೊಟ್ಟಿಕಿಚ್ಚು ಬಂದಿತ್ತು ನಂಗ. ಸಾಯೋವಷ್ಟು ಬಂದಿತ್ತು."

ಹುಲುಗಣ್ಣ ನೊಗದ ಮೇಲೆ ಕೈಯಿಟ್ಟು ದೊಡ್ಡದಾಗಿ ನಕ್ಕ. "ಹಕ್ಕಿ ಓಡಿಸಿದ್ರ ಬೆಳಿ ಕೆಡ್ತೈತೇನಕ್ಕಾ? ಹುಟ್ಟಿದಾಗಿನಿಂದ ನಾವು ಹಕ್ಕಿ ಓಡಿಸೇ ಬೆಳಿ ಉಳಿಸ್ಕೊಂಡೀವಿ. ಆಕಿಗೆ ಸಮಾಧಾನ ಹೇಳಾಕ ಬ್ಯಾರೆ ಸುಳ್ಳು ಸಿಗಲಿಲ್ಲೇನು ನಿಂಗ?"

"ಊರಮ್ಮನ ಆಣಿ ಮಾಡ್ತೀನಿ! ಖರೇನ ಹೇಳಾಕತ್ತೀನಿ!"

"ಬ್ಯಾಡಕ್ಕಾ, ಆಣಿ ಮಾಡಬ್ಯಾಡ" ಬೊಮ್ಮಮ್ಮ ಓಡಿ ಬಂದು ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ಕಣ್ಣು ತುಂಬಿದ್ದವು. "ದಿನಾ ಬಿಸಿಲಾಗ ನಿಂತು ನನ್ನ ಮಡಿ ಕಾದೀ ಅಂತ ಮಂದಿ ಹೇಳ್ಯಾರ ನಂಗ. ಈಗ ನನ್ನ ದೋಷ ನಿನ್ನ ತಲಿ ಮ್ಯಾಲೆ ಹೊತ್ಕೊಳ್ಳಾಕ ನಿಂತೀಯಲ್ಲ! ಒಡಹುಟ್ಟಿದಾಕಿ ಇಷ್ಟು ಮಾಡಾಕಿಲ್ಲ."

ಇನ್ನೇನು ಹೇಳಿದರೂ ಅಂಜಿನಕ್ಕ ಅವರ ಕಣ್ಣಲ್ಲಿ ಇನ್ನಷ್ಟು ದೊಡ್ಡವಳಾಗುತ್ತಾಳೆ.

ಬೊಮ್ಮಮ್ಮ ಅವಳ ಬಲಗೈಯನ್ನು, ಜೋಳ ಹಿಡಿದ ಮುಷ್ಟಿಯನ್ನೇ, ತನ್ನ ಎರಡೂ ಅಂಗೈಯೊಳಗೆ ಹಿಡಿದು ಉಜ್ಜಿದಳು. ಆಮೇಲೆ ಆ ಅಂಗೈಗಳನ್ನು ಕಣ್ಣಿಗೆ ಒತ್ತಿಕೊಂಡಳು. "ನಿನ್ನ ಗುಣ ಒಂದೀಟು ಹತ್ಲಿ ನಂಗ. ನಾಳೆ ನೀಲಗುಂದಕ್ಕ ಹೋಗಿ ಕೂಸಿಗೆ ಎರಿತೀನಿ. ಈಗ ಅಂಜಿಕಿ ಇಲ್ಲ ನೋಡು." ಅವಳ ಮುಖದ ಮೇಲೆ ತಿಂಗಳಿಂದ ಇಲ್ಲದಿದ್ದ ನಗು ಬಂತು.

ಅಂಜಿನಕ್ಕ ಆ ಮುಖವನ್ನೇ ನೋಡುತ್ತಾ ನಿಂತಳು. ಇನ್ನೊಬ್ಬಳ ಕೈ ತನ್ನದಕ್ಕಿಂತ ಚಲೋ ಅಂತ ಇಷ್ಟು ಸಲೀಸಾಗಿ ಒಪ್ಪಿಕೊಂಡು, ಅದನ್ನೇ ಕಣ್ಣಿಗೊತ್ತಿಕೊಂಡು ನಗುವುದು ಅಂಜಿನಕ್ಕನಿಗೆ ಹುಟ್ಟಿದಾಗಿನಿಂದ ಒಂದು ದಿನವೂ ಆಗಿರಲಿಲ್ಲ. ಹುಲುಗಣ್ಣ ಎತ್ತುಗಳನ್ನು ಹೊಡೆದ. ಬಟ್ಟಲಿಗೆ ಬೀಜ ಬಿಡುತ್ತಾ ಅಂಜಿನಕ್ಕ ಹೆಜ್ಜೆ ಹಾಕಿದಳು, ಹಿಂದೆ ಬೊಮ್ಮಮ್ಮ ಖುಷಿಯಿಂದ ನಡೆದು ಬರುವ ಸಪ್ಪಳ ಕೇಳುತ್ತಿತ್ತು. ಅದನ್ನು ಕೇಳುತ್ತಾ ಅವಳಿಗೆ ಬೊಮ್ಮಮ್ಮನ ಮೇಲೆ ಮತ್ತೆ ಹೊಟ್ಟೆಕಿಚ್ಚಾಯಿತು, ಆದರೆ ಈ ಸಲ ಓಡಿಸಲು ಯಾವ ಹಕ್ಕಿಯೂ ಇರಲಿಲ್ಲ.